ಮೇಮ್‌ಸಾಬರ ಮನೆಯ ಹಸಿರು ಹಬ್ಬ

ಗೋಕಾಕಕ್ಕೆ ಬಂದ ಮರುದಿನ ಬೆಳಿಗ್ಗೆ, ಮಾತಾಡಿಸೋಣವೆಂದು ಪಕ್ಕದ ಮನೆಯ ಗಂಗವ್ವನನ್ನು "ತಿಂಡಿ ಆಯ್ತೇನ್ರೀ?" ಎಂದು ಕೇಳಿದೆ. ಆಕೆ ಬೆಚ್ಚಿಬಿದ್ದು ತನ್ನ ಮೊಣಕೈ ತಿರುಗಿಸಿ ನೋಡಿಕೊಂಡಳು. "ನನಗ್ಯಾತರ ತಿಂಡಿರಿ ಬಾಯಾರ? ದಿನಾ ಜಳಕಾ ಮಾಡತೇನಿ!" ಎಂದಳು. ಇಲ್ಲಿ ತಿಂಡಿಯೆಂದರೆ ತುರಿಕೆಯಂತೆ! ನಂಜನಗೂಡಿನಲ್ಲಿ ಹುಟ್ಟಿ ಕನ್ನಡವನ್ನೇ ಆಡಿ ಬೆಳೆದ ನಾನು ಕನ್ನಡದ ಊರಿನಲ್ಲೇ ಪರದೇಶಿಯಾದೆ.

ನಮ್ಮವರು ಇಲ್ಲಿ ಕಾಲುವೆ ಕಚೇರಿಯಲ್ಲಿ ಓವರ್ಸಿಯರು. ನಮ್ಮಲ್ಲಿ ಮಹಾರಾಜರ ಸೀಮೆ, ಇಲ್ಲಿ ಮುಂಬಯಿ ಸರ್ಕಾರ. ನಮ್ಮಲ್ಲಿ ಬೆಳಗಾದರೆ ಕಾಫಿಯ ಘಮ, ಇಲ್ಲಿ ಮನೆಮನೆಯಲ್ಲೂ ರೊಟ್ಟಿ ಬಡಿಯುವ ಸದ್ದು. ಸಂಬಳಕ್ಕೆ ಪಗಾರವೆನ್ನುವುದನ್ನು, ಆಲೂಗೆಡ್ಡೆಗೆ ಬಟಾಟಿಯೆನ್ನುವುದನ್ನು ಕಲಿತೆ. ಹಸಿ ಮೆಂತ್ಯದ ಸೊಪ್ಪನ್ನು ದನದ ಹಾಗೆ ರೊಟ್ಟಿಯ ಜೊತೆ ಮೇಯುವುದನ್ನೂ ಕಲಿತೆ; ಈಗ ಅದಿಲ್ಲದೆ ಊಟ ಸೇರದು.

ಆದರೆ ಹೊಟ್ಟೆಯಲ್ಲಿ ಕೂಸು ಮೂಡಿದ ಮೇಲೆ ಎಲ್ಲವೂ ಬೇಡವಾಯಿತು. ಅಮ್ಮ ಬೇಕು, ಅಷ್ಟೇ. ಅಮ್ಮ ತೀರಿಕೊಂಡು ವರ್ಷಗಳಾಗಿದ್ದವು; ಊರಿನಲ್ಲಿದ್ದ ಚಿಕ್ಕಮ್ಮ ಅಷ್ಟು ದೂರ ಬರುವವಳಲ್ಲ. ನಮ್ಮ ಸೀಮಂತಕ್ಕೆ ಇಲ್ಲಿ ಕುಬಸವೆನ್ನುತ್ತಾರೆ. ಬಸುರಿಗೆ ತವರಿನವರು ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಮಡಿಲಿಗೆ ಅಕ್ಕಿ, ಕೊಬ್ಬರಿ ಹಾಕಿ ಉಡಿ ತುಂಬುತ್ತಾರೆ. ಏಳನೆಯ ತಿಂಗಳಾಗುತ್ತಲೇ ಗಂಗವ್ವ ದಿನವೂ ಕೇಳುವಳು: "ಕುಬಸಕ್ಕ ತವರಮನ್ಯವರು ಯಾವಾಗ ಬರತಾರ್ರಿ?" ನಾನು ದಿನವೂ "ಬರ್ತಾರೆ" ಎನ್ನುವೆ. ಕೇಳಿ ಮಾಡಿಸಿಕೊಳ್ಳುವ ಶಾಸ್ತ್ರವೇ ಅದು? ನನ್ನ ಜಂಬ ನನಗೆ. ಬಾಗಿಲು ಹಾಕಿಕೊಂಡು ಅತ್ತದ್ದೇ ಅತ್ತದ್ದು.

ಕಾಲುವೆಯ ದೊಡ್ಡ ಸಾಹೇಬರ ಹೆಂಡತಿ, ಊರವರ ಮೇಮ್‌ಸಾಬ್, ನಮ್ಮ ಮಾತಿನಲ್ಲಿ ದೊರೆಸಾನಿ, ಐರ್ಲೆಂಡಿನವರು. ಕೂದಲು ನರೆತಿತ್ತು, ಮಕ್ಕಳಿರಲಿಲ್ಲ. ಮಿಷನ್ ಶಾಲೆಯಲ್ಲಿ ಕಲಿತ ನನ್ನ ಇಂಗ್ಲಿಷಿನಿಂದಾಗಿ ನಮಗೆ ಒಡನಾಟ ಬೆಳೆದಿತ್ತು. ಮಾರ್ಚಿನಲ್ಲಿ ಅವರ ನಾಡಿನ ಸಂತನ ಹಬ್ಬ ಬರುತ್ತದೆ. ಅಂದು ಎಲ್ಲರೂ ಹಸಿರು ತೊಡಬೇಕು, ಮೂರೆಲೆಯ ಒಂದು ಸೊಪ್ಪನ್ನು ಮುಡಿಯಬೇಕು. "ನಮ್ಮೂರಲ್ಲಿ ಬೀದಿಗೆ ಬೀದಿಯೇ ನಮ್ಮ ಮನೆಯಲ್ಲಿರುತ್ತಿತ್ತು. ಇಲ್ಲಿ ಬೆಳಗಾವಿಯಿಂದ ನಾಲ್ಕು ಜನ ಸಾಹೇಬರು ಬಂದು ಕುಡಿದು ಹೋಗುತ್ತಾರೆ. ಈ ಸಲ ಇಲ್ಲಿಯ ಹೆಂಗಸರನ್ನು ಕರೆಯೋಣವೇ?" ಎಂದರು. ಅವರ ಮೂರೆಲೆಯ ಸೊಪ್ಪು ನಮ್ಮ ಬಿಸಿಲಿಗೆ ಮೊಳೆಯಲೇ ಇಲ್ಲ. "ಮೆಂತ್ಯಕ್ಕೂ ಮೂರೇ ಎಲೆ ಅಲ್ಲವೇ?" ಎಂದೆ. ಹಿಗ್ಗಿ ನನ್ನ ಕೆನ್ನೆ ಹಿಂಡಿದರು.

ಬಸುರಿ ನಾನು ಬಿಸಿಲಲ್ಲಿ ಅಲೆಯುವುದು ಬೇಡವೆಂದು ಬಂಗಲೆಯ ಅಡಿಗೆಯ ಇಮಾಮಸಾಬ ಮನೆಮನೆಗೆ ಹೋಗಿ ಕರೆದು ಬಂದ. "ಮೇಮ್‌ಸಾಬ್ ಹಸರ ಸೀರಿ ಉಟಗೋತಾರ, ನೀವೂ ಹಸರ ಉಟಗೊಂಡು ಬರ್ರಿ" ಎಂದನಂತೆ. ಅಷ್ಟು ಸಾಕಾಯಿತು.

ಹಬ್ಬದ ಸಂಜೆ ಬಂಗಲೆ ಎಷ್ಟು ಚೆಂದವಿತ್ತೆಂದರೆ, ಒಳಗೆ ಕಾಲಿಡಲು ಹೆದರಿಕೆ. ಉದ್ದನೆಯ ಮೇಜಿನ ಮೇಲೆ ಅವರ ತಾಯಿ ಕೈಯಾರೆ ಹೆಣೆದ ಬಿಳಿ ಜಾಲರಿ ಬಟ್ಟೆ, ಬೆಳ್ಳಿಯ ದೀಪಗಳು, ಗಾಜಿನ ಬಟ್ಟಲುಗಳಲ್ಲಿ ನಿಲ್ಲಿಸಿದ ಮೆಂತ್ಯದ ಕಟ್ಟುಗಳು, ಮಜ್ಜಿಗೆಯಲ್ಲಿ ಕಲಸಿ ಸುಟ್ಟ ಅವರ ನಾಡಿನ ದಪ್ಪ ರೊಟ್ಟಿ. ಅಷ್ಟರಲ್ಲಿ ಅಂಗಳದಿಂದ ಸೋಬಾನೆ ಕೇಳಿಸಿತು. ಹಸಿರು ಸೀರೆಯ ಹೆಂಗಸರು ಹೋಳಿಗೆಯ ಬುತ್ತಿ, ಅಕ್ಕಿ, ಕೊಬ್ಬರಿ, ಮೂಡಲಗಿಯ ಬಳೆಗಾರನಿಂದ ಕೊಂಡ ಹಸಿರು ಬಳೆ ಹೊತ್ತು ಸಾಲಾಗಿ ಒಳಗೆ ಬಂದರು. ಗಂಗವ್ವ ನೇರ ದೊರೆಸಾನಿಯ ಮುಂಗೈ ಹಿಡಿದು ಕುರ್ಚಿಯಲ್ಲಿ ಕೂರಿಸಿ, ಹಣೆಗೆ ಕುಂಕುಮ ಹಚ್ಚಿ ಕೇಳಿದಳು: "ಎಷ್ಟರಾಗ ಅದೀರಿ ಮೇಮ್‌ಸಾಬ್? ಐದು ತಿಂಗಳೋ, ಏಳೋ?"

ಅಯ್ಯೋ ಶಿವನೇ! ಹೇಗೋ ಇಂಗ್ಲಿಷಿನಲ್ಲಿ ತಿಳಿಸಿದೆ. ದೊರೆಸಾನಿಯ ಮುಖ ಕೆಂಪಾಗಿ, ಬಿಳಿಚಿ, ಕೊನೆಗೆ ನಗು ಉಕ್ಕಿತು. ಕಣ್ಣಲ್ಲಿ ನೀರು ಬಂದರೂ ನಗು ನಿಲ್ಲಲಿಲ್ಲ.

"ಅಲ್ಲಾ ಗಂಗವ್ವಾ, ಇದು ಅವರ ನಾಡಿನ ಹಬ್ಬ, ಕುಬಸವಲ್ಲ. ಅವರ ವಯಸ್ಸು ನೋಡಬಾರದೇ?" ಎಂದೆ.

"ನೋಡಿದ್ವಿರಿ. ದೇವರು ಕೊಟ್ಟಾಗ ನಾವ್ಯಾರ್ರಿ ಬ್ಯಾಡ ಅನ್ನಾಕ?" ಎಂದು ಬಳೆಯ ಕಡೆ ನೋಡಿದಳು. "ಕುಬಸದ ಬಳಿ ತಿರುಗಿ ಮನಿಗಿ ಒಯ್ಯಂಗಿಲ್ಲ. ಬಾಯಾರ, ಖರೆ ಹೇಳ್ರಿ, ನಿಮ್ಮ ತವರಮನ್ಯವರು ಬರತಾರೋ ಇಲ್ಲೋ?"

"ಬರ್ತಾ..." ಎಂದೆ. "ಇಲ್ಲ ಗಂಗವ್ವ. ಅಮ್ಮನೇ ಇಲ್ಲ. ಯಾರೂ ಬರೋಲ್ಲ."

"ಹುಚ್ಚವ್ವಾ! ಮೊದಲ ಹೇಳಬಾರದೇನ?" ಅಷ್ಟು ದಿನ ಬಹುವಚನದಲ್ಲಿ ಕರೆಯುತ್ತಿದ್ದವಳು ಆ ಕ್ಷಣದಿಂದ ಏಕವಚನಕ್ಕೆ ಇಳಿದಳು. ರಟ್ಟೆ ಹಿಡಿದು ಅದೇ ಕುರ್ಚಿಯಲ್ಲಿ ನನ್ನನ್ನು ಕೂರಿಸಿದಳು. "ತವರಿನ ಸೀರಿ ಯಾರು ಹೊದಿಸತೀರಿ?" ಎಂದು ಹೆಂಗಸರು ಒಬ್ಬರನ್ನೊಬ್ಬರು ಕೇಳತೊಡಗಿದರು. ವಿಷಯ ಏನೆಂದು ದೊರೆಸಾನಿ ನನ್ನನ್ನೇ ಕೇಳಿದರು. ಹೇಳಿದೆ. ಅವರು ಎದ್ದು, ಮೇಜಿನ ಮೇಲಿದ್ದ ದೀಪ, ಬಟ್ಟಲುಗಳನ್ನೆಲ್ಲ ಸರಿಸಿ, ತಮ್ಮ ತಾಯಿಯ ಜಾಲರಿ ಬಟ್ಟೆಯನ್ನು ತೆಗೆದು ನನ್ನ ಹೆಗಲಿಗೆ ಹೊದಿಸಿದರು. ಗಂಗವ್ವ ನನ್ನ ಕೈಗೆ ಆ ಹಸಿರು ಬಳೆಗಳನ್ನು ತೊಡಿಸಿ, ಬಟ್ಟೆಯದೇ ಅಂಚಿನಲ್ಲಿ ಉಡಿ ಮಾಡಿ ಅಕ್ಕಿ, ಕೊಬ್ಬರಿ ತುಂಬಿದಳು. ಮೇಲೊಂದು ಮೆಂತ್ಯದ ಕಟ್ಟನ್ನೂ ಇಟ್ಟಳು. ಉಳಿದ ಅಲಂಕಾರವನ್ನೆಲ್ಲ ಹೆಂಗಸರು ರೊಟ್ಟಿಯ ಜೊತೆ ತಿಂದು ಮುಗಿಸಿದರು. ನಾನು ಅಮ್ಮನನ್ನು ನೆನೆದು ಅತ್ತೆ. ದೊರೆಸಾನಿ ಕೂಡ ಅತ್ತರು, ಯಾರನ್ನು ನೆನೆದೋ ನಾನು ಕೇಳಲಿಲ್ಲ.

ಮಳೆಗಾಲಕ್ಕೆ ಮುಂಚೆ ಅವರು ಹಡಗು ಹತ್ತಿ ತಮ್ಮ ನಾಡಿಗೆ ಹೋದರು. ಬಟ್ಟೆ ನನ್ನಲ್ಲೇ ಉಳಿಯಿತು.

ಮೊನ್ನೆ ಕೂಸನ್ನು ಅದರಲ್ಲೇ ಸುತ್ತಿಕೊಂಡು ನಂಜನಗೂಡಿಗೆ ಹೋಗಿದ್ದೆ. ಚಿಕ್ಕಮ್ಮ "ತಿಂಡಿ ಆಯ್ತೇನೇ?" ಎಂದಾಗ ಕೈ ತಾನಾಗಿ ಮೊಣಕೈಗೆ ಹೋಯಿತು. ಒಬ್ಬಳೇ ನಕ್ಕೆ; ಜೊತೆಗೆ ನಗಲು ಗಂಗವ್ವ ಇರಲಿಲ್ಲ.

"ಪಾಪ, ನಿನಗೆ ಸೀಮಂತ ಯಾರು ಮಾಡಿದರೇ?"

"ತವರಿನವರು," ಎಂದುಬಿಟ್ಟೆ.

"ನಿನ್ನ ತವರು ಇದೇ ಅಲ್ಲವೇನೇ?" ಎಂದಳು ಚಿಕ್ಕಮ್ಮ.

ಹೌದೆಂದೆ. ಗಂಗವ್ವ ತೊಡಿಸಿದ ಹಸಿರು ಬಳೆಗಳನ್ನು ಸೆರಗಿನೊಳಗೆ ಎಳೆದುಕೊಂಡೆ.