ಪೊಂಟಿಯಾನ್‌ನ ಹಳದಿ ಕೊಡೆ

ಇಂಥ ಕತೆಯನ್ನು ಬೇರೆ ಯಾರಾದರೂ ಹೇಳಿದ್ದರೆ ಮೊದಲು ನಗುತ್ತಿದ್ದವಳು ನಾನೇ. ಯಾಕೆಂದರೆ ನಮ್ಮ ಮನೆಯಲ್ಲಿ ಇಂಥವನ್ನು ಹುಟ್ಟಿಸಿ ಹೇಳುವವಳು ನಾನು. ನಮ್ಮ ಬ್ಲಾಕಿನ ಲಿಫ್ಟಿನಲ್ಲಿ ಕಣ್ಣಿಗೆ ಕಾಣದ ಆಂಟಿಯೊಬ್ಬಳಿದ್ದಾಳೆಂದು ಮೊಮ್ಮಗಳು ಇಶಾಳನ್ನು ಹೆದರಿಸಿ ಸೊಸೆಯಿಂದ ಬೈಸಿಕೊಂಡವಳು. ಸುಳ್ಳು ಹೇಗೆ ತಯಾರಾಗುತ್ತದೆಂದು ಗೊತ್ತಿದ್ದವರಿಗೆ ನಂಬಿಕೆ ಸುಲಭಕ್ಕೆ ಬರುವುದಿಲ್ಲ. ಇದನ್ನು ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತಿ ಬರೆಯುತ್ತಿದ್ದೇನೆ. ಕಾಗುಣಿತ ತಪ್ಪಿದರೆ ಅದು ಬೆರಳಿನ ತಪ್ಪು, ಸಂಗತಿ ಮಾತ್ರ ನಿಜ.

ಮೂರು ವರ್ಷದ ಹಿಂದಿನ ಮಾತು. ಮಗ ರವಿ, ಸೊಸೆ ಶುಭಾ, ಇಶಾ ಮತ್ತು ನಾನು ಸಿಂಗಪುರದ ವುಡ್‌ಲ್ಯಾಂಡ್ಸ್‌ನಲ್ಲಿ ಬಸ್ಸು ಹತ್ತಿ, ಗಡಿ ದಾಟಿ ಮಲೇಷ್ಯಾದ ಜೋಹೊರ್ ಬಾರುಗೆ ಹೋದೆವು. ಒಂದು ದಿನ ಅಲ್ಲಿದ್ದು, ಮಾರನೆಯ ದಿನ ಕಾರು ಮಾಡಿಕೊಂಡು ಪೊಂಟಿಯಾನ್ ಎಂಬ ಕಡಲತೀರದ ಊರು ನೋಡಿ, ಸಂಜೆಗೆ ವಾಪಸ್ಸು ಬರುವುದೆಂದು ಲೆಕ್ಕ. ಸೋಮವಾರ ಇಶಾಗೆ ಪರೀಕ್ಷೆಯಿತ್ತು.

ನಾಲ್ಕೂ ಪಾಸ್‌ಪೋರ್ಟುಗಳಿದ್ದ ಚೀಲವನ್ನು ನಾನೇ ಇಟ್ಟುಕೊಳ್ಳುತ್ತೇನೆಂದು ಹಟ ಹಿಡಿದಿದ್ದೆ.

"ಅತ್ತೆ, ನನ್ನ ಬ್ಯಾಗಲ್ಲಿ ಜಿಪ್ ಇದೆ, ಸೇಫಾಗಿರುತ್ತೆ" ಎಂದಳು ಶುಭಾ.

"ನಿನ್ನ ಗಂಡನ್ನ ಒಂಬತ್ತು ತಿಂಗಳು ಸೇಫಾಗಿ ಇಟ್ಕೊಂಡಿದ್ದೋಳು ನಾನು. ಜಿಪ್ ಇರಲಿಲ್ಲ" ಎಂದೆ. ಚೀಲ ನನಗೆ ಸಿಕ್ಕಿತು.

ಪೊಂಟಿಯಾನ್‌ನಲ್ಲಿ ಕಾರು ನಿಲ್ಲಿಸಿದಲ್ಲೆಲ್ಲ ಇಳಿದು ತಿಂದೆವು. ಒಂದು ಕಡೆ ಬಾಳೆಹಣ್ಣಿನ ಬಜ್ಜಿ, ಇನ್ನೊಂದು ಕಡೆ ಎಳನೀರು, ಮತ್ತೊಂದು ಕಡೆ ಐಸ್. ವಾಪಸ್ಸು ಬರುವಾಗ ನನಗೆ ಗಾಢ ನಿದ್ದೆ. ಜೋಹೊರ್ ಬಾರು ಹತ್ತಿರವಾದಾಗ ಎಚ್ಚರವಾಯಿತು. ಮಡಿಲು ಮುಟ್ಟಿ ನೋಡಿದೆ. ಚೀಲವಿಲ್ಲ.

ಕಾರು ಪಕ್ಕಕ್ಕೆ ನಿಂತಿತು. ಸೀಟಿನ ಕೆಳಗೆ, ಡಿಕ್ಕಿಯಲ್ಲಿ, ಎಲ್ಲೂ ಇಲ್ಲ. ಶುಭಾ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ರವಿ ನನ್ನ ಕಡೆ ನೋಡದೆ ಹೆಂಡತಿಗೆ ಮೆಲ್ಲಗೆ ಹೇಳಿದ: "ಇನ್ಮೇಲೆ ಅಮ್ಮನ ಕೈಗೆ ಏನೂ ಕೊಡಬೇಡ."

ಪಾಸ್‌ಪೋರ್ಟ್ ಹೋದದ್ದಕ್ಕಿಂತ ಈ ಮಾತು ನನಗೆ ನಾಟಿತು. ಇವತ್ತು ಚೀಲ, ನಾಳೆ ಮನೆಯ ಬೀಗದ ಕೈ, ನಾಡಿದ್ದು ಎಂಆರ್‌ಟಿ ರೈಲಿನಲ್ಲಿ ಒಬ್ಬಳೇ ಓಡಾಡುವುದಕ್ಕೂ ಕತ್ತರಿ. ಡ್ರೈವರ್ ಸೆಲ್ವಂ ಅಲ್ಲಿಯೇ ಹುಟ್ಟಿದ ತಮಿಳು ಹುಡುಗ. ಯಾವ ಜಾಗಕ್ಕೆ ತಿರುಗಿಸಲಿ ಎಂದು ಕೇಳಿದ. ಯಾರಿಗೂ ನೆನಪಿಲ್ಲ. ಆಗ ನಾನು ಬಾಯಿಗೆ ಬಂದದ್ದು ಬಿಟ್ಟೆ.

"ನಂಗೊತ್ತು. ಸಮುದ್ರಕ್ಕೆ ಬೆನ್ನು ಮಾಡಿರೋ ಹಸಿರು ಬೆಂಚು. ಅದರ ಮೇಲೆ ಹಳದಿ ಕೊಡೆ ಹಿಡ್ಕೊಂಡು ಒಬ್ಬಳು ಅಜ್ಜಿ ಕೂತಿದಾಳೆ. ಒಂದು ಕಾಲಲ್ಲಿ ಮಾತ್ರ ಚಪ್ಪಲಿ. ಚೀಲ ಅವಳ ಹತ್ರ ಇದೆ."

"ಅಮ್ಮಾ, ಇದು ತಮಾಷೆ ಮಾಡೋ ಟೈಮಾ?" ಎಂದ ರವಿ.

ಅಪ್ಪಟ ಸುಳ್ಳು, ಓದುಗರೇ. ಮುಖ ಉಳಿಸಿಕೊಳ್ಳಲು ಕಟ್ಟಿದ್ದು. ಅಂಥ ಬೆಂಚನ್ನು ನಾನು ನೋಡಿರಲೇ ಇಲ್ಲ. ಬೇರೆ ದಾರಿ ಕಾಣದೆ ಒಂದು ಗಂಟೆ ಹಿಂದಕ್ಕೆ ಹೋದೆವು. ಬಜ್ಜಿ ಅಂಗಡಿ ದಾಟಿ ಕಾರು ತಿರುಗಿತು. ಮೊದಲು ಕೂಗಿದವಳು ಇಶಾ.

"ಅಜ್ಜಿ! ಅಂಬ್ರೆಲಾ ಲಾ! ಯೆಲ್ಲೋ!"

ಹಸಿರು ಬೆಂಚು. ಹಳದಿ ಕೊಡೆ. ಅದರ ಕೆಳಗೆ ಮಲಯ್ ಮುದುಕಿಯೊಬ್ಬಳು, ಬಲಗಾಲು ಬರಿಗಾಲು. ಮಡಿಲಲ್ಲಿ ನನ್ನ ಚೀಲ. ತಲೆ ಎತ್ತಿಕೊಂಡೇ ಇಳಿದೆ.

ಸೆಲ್ವಂ ಅವಳನ್ನು ಮಾತಾಡಿಸಿ ನಮಗೆ ತಿಳಿಸಿದ. ಬಜ್ಜಿ ಅಂಗಡಿಯ ಮುಂದೆ ಚೀಲ ಸಿಕ್ಕಿತಂತೆ. ಹಿಡಿದುಕೊಂಡು ಕಾರಿನ ಹಿಂದೆ ಓಡಿದಳಂತೆ, ಚಪ್ಪಲಿಯ ಬಾರು ಕಿತ್ತುಹೋಯಿತಂತೆ. ಅಲ್ಲಿಯವರೆಗೆ ಸರಿ. ಆಮೇಲೆ ಅವಳು ನನ್ನತ್ತ ಬೆರಳು ತೋರಿಸಿ ಏನೋ ಹೇಳಿದಳು. ಸೆಲ್ವಂ ಎರಡು ಸಲ ಕೇಳಿ ಖಚಿತ ಮಾಡಿಕೊಂಡ.

"ಅಜ್ಜಿ, ನೀವೇ ವಾಪಸ್ ಬಂದ್ರಂತೆ. ಈ ಬೆಂಚಲ್ಲಿ ಕೂತಿರು, ಮಗನ್ನ ಕರ್ಕೊಂಡು ಬರ್ತೀನಿ ಅಂದ್ರಂತೆ" ಎಂದು ತಮಿಳಿನಲ್ಲಿ ಹೇಳಿದ.

ತಮಿಳು ನನಗೆ ಬರುತ್ತದೆ, ಆದರೂ ಇನ್ನೊಮ್ಮೆ ಹೇಳಿಸಿದೆ. ಯಾವ ಭಾಷೆಯಲ್ಲಿ ಹೇಳಿದೆನೆಂದು ಕೇಳಿಸಿದೆ. ಮಲಯ್‌ನಲ್ಲೇ, ಚೆನ್ನಾಗಿಯೇ ಮಾತಾಡಿದರು, ನಗಿಸಿ ನಗಿಸಿ ಸಾಕು ಮಾಡಿದರು ಎಂದಳಂತೆ. ನನಗೆ ಮಲಯ್‌ನಲ್ಲಿ ಬರುವುದು 'ತೆರಿಮಾ ಕಾಸಿ' ಒಂದೇ, ಥ್ಯಾಂಕ್ಸ್ ಅಂತ. ಅದನ್ನೇ ನಾಲ್ಕು ಸಲ ಹೇಳಿ, ನನ್ನ ಚಪ್ಪಲಿ ಬಿಚ್ಚಿ ಅವಳಿಗೆ ಕೊಟ್ಟೆ.

"ನಿದ್ದೆಗಣ್ಣಲ್ಲಿ ಎಲ್ಲೋ ಇಳಿದಿರ್ತೀಯ" ಎಂದ ರವಿ.

"ಇಲ್ಲ ಪಪ್ಪಾ, ಅಜ್ಜಿ ಫುಲ್ ಟೈಮ್ ನನ್ನ ಶೋಲ್ಡರ್ ಮೇಲೇ ಮಲಗಿದ್ರು. ಪೇನ್ ಆಗ್ತಿದೆ" ಎಂದಳು ಇಶಾ.

ಗಡಿಯ ಕೌಂಟರಿಗೆ ಬಂದಾಗ ಕತ್ತಲಾಗುತ್ತಿತ್ತು. ನಾನು ಬರಿಗಾಲಲ್ಲಿ ಮಹಾರಾಣಿಯಂತೆ ಸಾಲಿನಲ್ಲಿ ನಿಂತಿದ್ದೆ. ಮುದ್ರೆ ಬಿದ್ದ ನಾಲ್ಕು ಪಾಸ್‌ಪೋರ್ಟುಗಳನ್ನು ಒಟ್ಟುಮಾಡಿ ಶುಭಾ ತನ್ನ ಬ್ಯಾಗಿನ ಜಿಪ್ ಎಳೆದಳು. ಒಂದು ಕ್ಷಣ ನಿಂತಳು. ಮತ್ತೆ ಜಿಪ್ ಮುಚ್ಚಿ, ಅವನ್ನು ನನ್ನ ಕೈಗಿಟ್ಟಳು.

"ನೀವೇ ಇಟ್ಕೊಳಿ ಅತ್ತೆ. ನಂಗೆ ಭಯ."

ರವಿ ಏನಾದರೂ ಅನ್ನುತ್ತಾನೇನೋ ಎಂದು ನೋಡಿದೆ. ಅವನು ಇಶಾಳ ಕೈ ಹಿಡಿದು ಮುಂದೆ ನಡೆದ.

ನಾನು ಕಟ್ಟಿದ ಸುಳ್ಳು ಹೇಗೆ ಅಲ್ಲಿ ಹೋಗಿ ಕೂತಿತ್ತು, ಆ ಮುದುಕಿಯ ಜೊತೆ ಮಾತಾಡಿದವಳು ಯಾರು, ನನಗೆ ಗೊತ್ತಿಲ್ಲ. ಮೂರು ವರ್ಷದಿಂದ ಯೋಚಿಸಿದ್ದೇನೆ, ಬಗೆಹರಿದಿಲ್ಲ. ಒಂದು ಹೊಟ್ಟೆಕಿಚ್ಚು ಮಾತ್ರ ಉಳಿದಿದೆ. ಅವಳನ್ನು ಅಷ್ಟು ನಗಿಸುವಂಥದ್ದು ಏನು ಹೇಳಿದೆ ನಾನು?