ಹಿಂದೆ ಸರಿಯುವ ಕೆಲಸ

ಟಿ. ನಗರದ ಸೀರೆ ಅಂಗಡಿಯಲ್ಲಿ ಒಂಬತ್ತು ವರ್ಷ ಸೇಲ್ಸ್‌ನಲ್ಲಿದ್ದವಳನ್ನು ನಮ್ಮ ಸಂಸ್ಥೆಗೆ ಸೇರಿಸಿಕೊಂಡು ನನ್ನ ಪಕ್ಕದ ಮೇಜು ಕೊಟ್ಟ ದಿನ, ನಾನು ಮನೆಗೆ ಬಂದು ಗಂಡನ ಮೇಲೆ ರೇಗಾಡಿದೆ. ಪಾಪ, ಅವರದೇನೂ ತಪ್ಪಿರಲಿಲ್ಲ. ಟಿವಿ ಸೌಂಡು ಸ್ವಲ್ಪ ಜಾಸ್ತಿ ಇಟ್ಟಿದ್ದರು, ಅಷ್ಟೆ. "ಆಯಮ್ಮ ನಿನಗೇನು ಮಾಡಿದಳು?" ಎಂದು ಕೇಳಿದರು. ಏನೂ ಮಾಡಿರಲಿಲ್ಲ. ಬಂದು, ವಣಕ್ಕಂ ಹೇಳಿ, ಕೂತಿದ್ದಳು. ನನಗೆ ಅಷ್ಟೇ ಸಾಕಾಗಿತ್ತು.

ನಮ್ಮದು ಅಣ್ಣಾ ನಗರದಲ್ಲಿರುವ ಸಣ್ಣ ಸಂಸ್ಥೆ. ಬುದ್ಧಿ ಬೆಳವಣಿಗೆ ನಿಧಾನವಾಗಿರುವ ದೊಡ್ಡವರಿಗೆ, ತಮ್ಮ ಮನೆಯಲ್ಲಿ ತಾವೇ ಬದುಕುವುದನ್ನು ಕಲಿಸುವುದು ಕೆಲಸ. ಗ್ಯಾಸ್ ಹಚ್ಚುವುದು, ಬಸ್ಸು ಹತ್ತುವುದು, ಬಾಗಿಲಿಗೆ ಬಂದವರಿಗೆ ಬೇಡ ಅನ್ನುವುದು. ನಾನು ಮೈಸೂರಿನಲ್ಲಿ ವಿಶೇಷ ಶಿಕ್ಷಣದ ಡಿಪ್ಲೊಮಾ ಮಾಡಿದವಳು. ಗಂಡನ ವರ್ಗಾವಣೆಯ ಹಿಂದೆ ಚೆನ್ನೈಗೆ ಬಂದು ಹನ್ನೊಂದು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಸರ್ಟಿಫಿಕೇಟಿಗೆ ಫ್ರೇಮ್ ಹಾಕಿಸಿದ್ದೇನೆ. ಆ ಸೀರೆಯವಳ ಹತ್ತಿರ ಇದ್ದದ್ದು ಆರು ತಿಂಗಳ ತರಬೇತಿಯ ಒಂದು ಕಾಗದ. ಅದನ್ನೂ ನಾಲ್ಕು ಮಡಿಕೆ ಮಾಡಿ ಪರ್ಸಿನಲ್ಲಿ ಇಟ್ಟುಕೊಂಡಿದ್ದಳು.

ಈ ಕೆಲಸಕ್ಕೆ ಒಂದು ಪದ್ಧತಿ ಇದೆ. ಮೊದಲು ಕೈ ಹಿಡಿದು ಮಾಡಿಸುತ್ತೇವೆ. ಆಮೇಲೆ ಮೊಣಕೈ ಮಾತ್ರ ಮುಟ್ಟುತ್ತೇವೆ. ಆಮೇಲೆ ಬೆರಳು ತೋರಿಸುವುದು, ಸ್ವಲ್ಪ ದಿನಕ್ಕೆ ಅದನ್ನೂ ಬಿಟ್ಟು ಎರಡು ಹೆಜ್ಜೆ ಹಿಂದೆ ನಿಲ್ಲುವುದು, ಬಾಗಿಲಲ್ಲಿ ನಿಲ್ಲುವುದು, ರಸ್ತೆಯ ಆಚೆ ನಿಲ್ಲುವುದು. ಹಾಗೇ ಸರಿಯುತ್ತ ಸರಿಯುತ್ತ ಒಂದು ದಿನ ಕಾಣದೇ ಹೋಗಬೇಕು. ಹೊಸದಾಗಿ ಸೇರಿದವರಿಗೆಲ್ಲ ಬೋರ್ಡಿನ ಮೇಲೆ ಬಾಣ ಎಳೆದು ಇದನ್ನು ಹೇಳಿಕೊಡುತ್ತಿದ್ದವಳು ನಾನೇ.

ನನ್ನ ಪಾಲಿಗೆ ಬಂದಿದ್ದವಳು ಮೂವತ್ತನಾಲ್ಕು ವರ್ಷದ ಹೆಂಗಸು. ಅವಳ ಮನೆಯವರು ಕುಂದಾಪುರದ ಕಡೆಯವರು. ಕೋಡಂಬಾಕ್ಕಂನಲ್ಲಿ ತಂದೆ ಶುರು ಮಾಡಿದ ಸಸ್ಯಾಹಾರಿ ಹೋಟೆಲು, ಈಗ ಅಣ್ಣ ನಡೆಸುತ್ತಾನೆ. ಮನೆಯಲ್ಲಿ ಅವಳಿಗೆ ಕುಡಿದ ಲೋಟ ಎತ್ತಲೂ ಬಿಟ್ಟಿರಲಿಲ್ಲ, ಎಲ್ಲ ಪ್ರೀತಿಯಿಂದಲೇ. "ನಂಗೊಂದ್ ಮನೆ ಬೇಕ್. ಬೀಗದ ಕೈ ನನ್ನತ್ರವೇ ಇರ್ಕ್" ಎಂದು ಹಟ ಹಿಡಿದು ಅಣ್ಣನನ್ನು ನಮ್ಮಲ್ಲಿಗೆ ಎಳೆದುಕೊಂಡು ಬಂದವಳು ಅವಳೇ. ಕನ್ನಡದವಳು ಅಂತ ನನಗೆ ಒಪ್ಪಿಸಿದರು. ಅವಳ ಕನ್ನಡ ಬೇರೆ, ನನ್ನ ಕನ್ನಡ ಬೇರೆ, ಇಬ್ಬರಲ್ಲೂ ತಮಿಳು ಧಾರಾಳ. ಆದರೂ ಆ ಕಟ್ಟಡದಲ್ಲಿ ನಮ್ಮಿಬ್ಬರಿಗೆ ಮಾತ್ರ ಗೊತ್ತಿರುವ ಮಾತು ಅನ್ನುವ ಜಂಬ ನನಗಿತ್ತು. ನನ್ನ ಸ್ವಂತ ಮಗಳು ಏನು ಕೇಳಿದರೂ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಒಂದು ಮಾತು ಎಸೆದು ರೂಮಿಗೆ ಹೋಗುವವಳು. ಹೀಗಿರುವಾಗ ಮೂರು ವರ್ಷ ದಿನಾ ಬೆಳಗ್ಗೆ ಒಬ್ಬಳು ಅಕ್ಕಾ ಅಕ್ಕಾ ಎಂದು ಹಿಂದೆ ಮುಂದೆ ಸುತ್ತಿದರೆ ಯಾರಿಗೆ ತಾನೇ ಬೇಡ?

ಮೂರು ವರ್ಷದಲ್ಲಿ ಅವಳು ಕಾಫಿ, ಅನ್ನ, ಸಾರು ಕಲಿತಳು. ಬಸ್ಸಿನಲ್ಲಿ ಒಂದು ಬೇಕರಿಗೆ ಹೋಗಿ ಬನ್ನು ಪ್ಯಾಕ್ ಮಾಡುವ ಕೆಲಸ ಹಿಡಿದಳು. ಸಂಸ್ಥೆಯ ಪಕ್ಕದ ಬೀದಿಯಲ್ಲಿ, ಎರಡನೇ ಮಹಡಿಯಲ್ಲಿ, ಒಂದು ಕೋಣೆಯ ಮನೆ ಖಾಲಿಯಾಗಿತ್ತು. ಅಲ್ಲಿ ನಾಲ್ಕು ವಾರ ಒಬ್ಬಳೇ ಇದ್ದು ತೋರಿಸಬೇಕು. ಆಮೇಲೆ ಸಭೆ. ಎಲ್ಲರೂ ಒಪ್ಪಿದರೆ ಮನೆ ಅವಳದು, ಇಲ್ಲವಾದರೆ ಅವಳು ವಾಪಸ್ ಅಣ್ಣನ ಮನೆಗೆ, ಆ ಮನೆ ಸಾಲಿನಲ್ಲಿರುವ ಮುಂದಿನವರಿಗೆ.

ಕಳಿಸುವ ಮುಂಚೆ ಒಂದು ಪರೀಕ್ಷೆ. ಅಡಿಗೆಮನೆಯಲ್ಲಿ ಯಾರೂ ಇಲ್ಲದೆ ಅವಳೊಬ್ಬಳೇ ಕಾಫಿ ಮಾಡಬೇಕು. ನಾನು ಬಾಗಿಲ ಹೊರಗೆ ನಿಂತೆ, ನೋಡಿ ಕಲಿಯಲಿ ಅಂತ ಸೀರೆಯವಳನ್ನೂ ನಿಲ್ಲಿಸಿಕೊಂಡೆ. ಒಳಗಿದ್ದವಳು ಗ್ಯಾಸ್ ಹಚ್ಚಿದಳು, ಹಾಲಿಟ್ಟಳು, ಸುಮ್ಮನೆ ನಿಂತಳು. ಹಾಲು ಉಕ್ಕಿ ಬಂತು. ತಟ್ಟನೆ ಗ್ಯಾಸ್ ಆರಿಸಿ ಡಿಕಾಕ್ಷನ್ ಬೆರೆಸಿದಳು. ನಾನು ಗೆದ್ದವಳ ಹಾಗೆ ತಿರುಗಿ ನೋಡಿದೆ.

"ಅಕ್ಕಾ, ನೀಂಗ ಇರುಮಿನೀಂಗ" ಎಂದಳು ಸೀರೆಯವಳು. ನೀವು ಕೆಮ್ಮಿದಿರಿ ಅಂತ.

ಗಂಟಲು ಕೆರೆಯಿತು ಅಂದೆ. ಇನ್ನೊಂದು ಸಲ ಮಾಡಿಸೋಣ, ನೀವು ಕೆಳಗೆ ಗೇಟಿನ ಹತ್ತಿರ ಇರಿ ಅಂದಳು. ಎಷ್ಟು ಸೊಕ್ಕು! ಇರಲಿ, ನೋಡೇಬಿಡೋಣ ಅಂತ ಇಳಿದು ಹೋದೆ. ಹಾಲು ಉಕ್ಕಿ, ಒಲೆಯ ಮೇಲೆಲ್ಲ ಹರಿದು, ಗ್ಯಾಸ್ ಆರಿಹೋಯಿತಂತೆ. ಅವಳು ಬಾಗಿಲ ಕಡೆಯೇ ನೋಡುತ್ತ ನಿಂತಿದ್ದಳಂತೆ. ಅಲ್ಲಿಗೆ ಗೊತ್ತಾಯಿತು. ಮೂರು ವರ್ಷ ಅವಳು ಹಾಲು ನೋಡುವುದನ್ನು ಕಲಿತಿರಲಿಲ್ಲ, ನನ್ನನ್ನು ನೋಡುವುದನ್ನು ಕಲಿತಿದ್ದಳು. ನನ್ನ ಕೆಮ್ಮು, ನನ್ನ ಹುಬ್ಬು, ನನ್ನ ಬಳೆ ಸದ್ದು. ಬೋರ್ಡಿನ ಮೇಲೆ ಬಾಣ ಎಳೆದು ಬೇರೆಯವರಿಗೆ ಎಚ್ಚರಿಕೆ ಹೇಳುವ ತಪ್ಪನ್ನು ನಾನೇ ಮಾಡಿದ್ದೆ, ನನಗೇ ತಿಳಿಯದೆ. ತಿಳಿಯದೆ ಅಂತ ಬರೆದುಬಿಟ್ಟೆ, ಅಷ್ಟು ಖಾತ್ರಿಯಾಗಿ ಹೇಳಲಾರೆ.

ನಮ್ಮ ನಿರ್ದೇಶಕಿ ಮೆತ್ತಗಿನ ಹೆಂಗಸು. ನನ್ನನ್ನು ಕರೆದು, ಕುರ್ಚಿ ಎಳೆದು ಕೂರಿಸಿ, ಸ್ವಲ್ಪ ದಿನ ಅವಳನ್ನು ಹೊಸಬಳಿಗೆ ಬಿಡೋಣ ಅಂದರು. ಹೂಂ ಅಂದೆ. ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಅಲ್ಲಿಂದ ಶುರುವಾದ ಹೊಟ್ಟೆಯುರಿ ಎರಡು ತಿಂಗಳು ಆರಲಿಲ್ಲ. ಸೀರೆಯವಳು ಕಲಿಸುವ ರೀತಿ ಎಂದರೆ, ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು, ಕೈ ತೊಡೆಯ ಮೇಲಿಟ್ಟು, ಬಾಯಿ ಮುಚ್ಚಿ ಕೂರುವುದು. ಹಾಲು ಉಕ್ಕಿತು, ಕೂತಿದ್ದಳು. ಮರುದಿನವೂ ಉಕ್ಕಿತು, ಕೂತಿದ್ದಳು. ಇದು ಯಾವ ಪುಸ್ತಕದಲ್ಲಿದೆ ತಾಯಿ ಅಂತ ನಗುನಗುತ್ತಲೇ ಚುಚ್ಚಿದೆ. ಅವಳಿಗೆ ಚುಚ್ಚಿದ್ದು ತಾಗಲೇ ಇಲ್ಲ. ಸೀರೆ ಅಂಗಡಿಯಲ್ಲಿ ಹೀಗೇ ಅಕ್ಕ, ಅಂದಳು. ಸೀರೆ ಹರಡಿ ಸುಮ್ಮನಿರಬೇಕು. ಇದು ನಿಮಗೆ ಒಪ್ಪುತ್ತೆ ಅಂತ ನಾವು ಬಾಯಿ ಹಾಕಿದರೆ ತೊಗೊಂಡು ಹೋಗ್ತಾರೆ, ಮಾರನೆ ದಿನ ಬದಲಾಯಿಸೋಕೆ ಬರ್ತಾರೆ. ಅವರೇ ಆರಿಸಿದ್ದು ವಾಪಸ್ ಬರೋದಿಲ್ಲ.

ಆರನೇ ದಿನ ಹಾಲು ಉಕ್ಕಲಿಲ್ಲ. ಅಡಿಗೆಮನೆಯಿಂದ ಅವಳ ನಗು ಕೇಳಿತು. ನಾನು ಪಕ್ಕದ ಕೋಣೆಯಲ್ಲಿ ರಿಪೋರ್ಟ್ ಬರೆಯುತ್ತಿದ್ದೆ. ಮೂರು ವರ್ಷದಲ್ಲಿ ನನ್ನೆದುರು ಅವಳು ಹಾಗೆ ಗಟ್ಟಿಯಾಗಿ ನಕ್ಕ ನೆನಪಿಲ್ಲ. ನನ್ನೆದುರು ಅವಳು ಒಳ್ಳೆಯ ಹುಡುಗಿಯ ಹಾಗೆ ಮುಗುಳ್ನಗುತ್ತಿದ್ದಳು, ಸರಿಯಾಯ್ತಾ ಅಂತ ನನ್ನ ಮುಖ ನೋಡುತ್ತಿದ್ದಳು. ಪೆನ್ನು ಕೆಳಗಿಟ್ಟೆ.

ಆಮೇಲೆ ನಾನು ಎಷ್ಟು ಸಣ್ಣವಳಾದೆ ಅಂತ ಈಗ ನೆನೆದರೆ ನಾಚಿಕೆಯಾಗುತ್ತದೆ. ಹಾಲು ದಂಡವಾಗುತ್ತಿದೆ ಎಂದು ನಿರ್ದೇಶಕಿಯ ಕಿವಿಯಲ್ಲಿ ಊದಿದೆ. ಸೀರೆಯವಳಿಗೆ ಊಟದ ಹೊತ್ತಿನಲ್ಲಿ ಜಾಗ ಬಿಡಲಿಲ್ಲ. ಅವಳು ತಂದ ಪುಳಿಯೋದರೈ ಎಲ್ಲರೂ ಚಪ್ಪರಿಸಿದರೆ ನನಗೆ ಮಾತ್ರ ಎಣ್ಣೆ ಜಾಸ್ತಿ ಅನಿಸಿತು. ಒಂದು ದಿನ ನನ್ನವಳು, ಆಗಲೂ ಮನಸ್ಸಿನಲ್ಲಿ ನನ್ನವಳೇ, ಕಿತ್ತಳೆ ಚೂಡಿದಾರಿಗೆ ಹಸಿರು ದುಪ್ಪಟ್ಟಾ ಹಾಕಿಕೊಂಡು ಬಂದಳು. ನಾನು ಯಾವಾಗಲೂ ತಿಳಿ ಬಣ್ಣಗಳನ್ನೇ ಆರಿಸಿಕೊಡುತ್ತಿದ್ದೆ. ಯಾರು ಕೊಡಿಸಿದ್ದು ಅಂತ ಕೇಳಿದೆ. "ಯಾರೂ ಅಲ್ಲ. ನಾನೇ" ಅಂದಳು. ಕಣ್ಣು ಕುಕ್ಕುವ ಹಾಗಿತ್ತು. ಚೆನ್ನಾಗಿದೆ ಅಂದೆ.

ನಾಲ್ಕು ವಾರದ ಒಂಟಿವಾಸ ಶುರುವಾಯಿತು. ಬುಧವಾರ ಮತ್ತು ಭಾನುವಾರ ಸೀರೆಯವಳು ಹೋಗಿ ನೋಡಿಕೊಂಡು ಬರುವುದು, ಏನಾದರೂ ಬೇಕಾದರೆ ನನ್ನವಳೇ ಫೋನ್ ಮಾಡುವುದು, ನಾನು ಆ ಬೀದಿಯ ಕಡೆ ತಲೆ ಹಾಕಬಾರದು. ಇದು ನಿರ್ದೇಶಕಿಯ ಮಾತು. ಮೊದಲ ವಾರ ಮುಗಿಯಿತು, ಎರಡನೆಯದೂ ಮುಗಿಯಿತು. ಫೋನ್ ಬರಲಿಲ್ಲ. ಅಂದರೆ ನನಗೆ ಬರಲಿಲ್ಲ. ಸೀರೆಯವಳ ಫೋನು ಸದ್ದಾದಾಗಲೆಲ್ಲ ನನ್ನ ಕಿವಿ ಅಲ್ಲಿಗೆ ಹೋಗುತ್ತಿತ್ತು. ನನ್ನವಳು ಸೋಲಬೇಕು ಅಂತ ನಾನು ಬಯಸಿದೆ. ಬರೆಯಲು ಕೈ ಬರುವುದಿಲ್ಲ, ಆದರೂ ಬಯಸಿದ್ದು ನಿಜ. ಸೋತು, ವಾಪಸ್ ಬಂದು, ಅಕ್ಕಾ ಅಂದರೆ ಮತ್ತೆ ಮೊದಲಿಂದ ಕೈ ಹಿಡಿದು ಕಲಿಸುತ್ತಿದ್ದೆ.

ಮೂರನೇ ವಾರದ ಶುಕ್ರವಾರ ಬೆಳಗ್ಗೆ ಆರೂವರೆಗೆ, ಪೂಜೆಗೆ ಹೂವು ತರುತ್ತೇನೆ ಅಂತ ಗಂಡನಿಗೆ ಹೇಳಿ ಹೊರಟವಳು ಸೀದಾ ಆ ಮನೆಗೆ ಹೋದೆ. ಎರಡನೇ ಮಹಡಿಯ ಮೆಟ್ಟಿಲು ಮುಗಿಯುವಾಗಲೇ ಮೂಗಿಗೆ ಬಡಿಯಿತು, ಹಾಲು ತಳ ಹಿಡಿದು ಸೀದ ವಾಸನೆ. ಒಳಗೆ ಪಾತ್ರೆ ಸದ್ದಾಯಿತು. ಅವಳು ತನ್ನಷ್ಟಕ್ಕೆ ಏನೋ ಗೊಣಗಿದಳು. ನಲ್ಲಿ ಬಿಟ್ಟ ಸದ್ದು. ಬೆಲ್ಲಿಗೆ ಬೆರಳು ತೆಗೆದುಕೊಂಡು ಹೋದವಳು ಒತ್ತಲಿಲ್ಲ. ಒತ್ತಿದರೆ ಒಳಗೆ ಹೋಗಿ ಸರಿ ಮಾಡಬೇಕಾಗುತ್ತದೆ. ನನಗೆ ಅದು ಸರಿಯಾಗುವುದು ಬೇಕಿರಲಿಲ್ಲ, ಸೀದೇ ಇರಬೇಕಿತ್ತು. ಮೆಟ್ಟಿಲು ಇಳಿಯುವಾಗ ಹಬ್ಬದ ದಿನದ ಖುಷಿ. ಹೂವು ತರುವುದು ಮರೆತೇಹೋಯಿತು.

ಮರುವಾರದ ಕೊನೆಗೆ ಸಭೆ ಕೂಡಿತು. ನಿರ್ದೇಶಕಿ, ಹೋಟೆಲಿನಿಂದ ನೇರ ಬಂದಿದ್ದ ಅಣ್ಣ, ಸೀರೆಯವಳು, ನಾನು, ಮೇಜಿನ ತುದಿಯಲ್ಲಿ ಕಿತ್ತಳೆ ಚೂಡಿದಾರಿನಲ್ಲಿ ಅವಳು. ಎಲ್ಲ ಸಲೀಸಾಗಿ ನಡೆಯುತ್ತಿತ್ತು. ಬಸ್ಸು ಸರಿ, ಕೆಲಸ ಸರಿ, ಬೀಗ ಸರಿ. ಯಾರಿಗಾದರೂ ಏನಾದರೂ ಹೇಳುವುದಿದೆಯಾ ಎಂದು ನಿರ್ದೇಶಕಿ ಕೇಳಿದರು. ನಾನು ಗಂಟಲು ಸರಿಮಾಡಿಕೊಂಡು ತಮಿಳಿನಲ್ಲಿ, ಬಹಳ ಕಳಕಳಿಯ ದನಿಯಲ್ಲಿ ಹೇಳಿದೆ, ಹೋದ ವಾರ ಶುಕ್ರವಾರ ಒಲೆಯ ಮೇಲೆ ಹಾಲು ಸೀದುಹೋಗಿತ್ತು, ಇದು ಬೆಂಕಿಯ ವಿಷಯ, ಆತುರ ಬೇಡ ಅಂತ.

ಅಣ್ಣನ ಮುಖ ಸಪ್ಪಗಾಯಿತು. "ಹಾಗಾರೆ ಮನೆಗೇ ಬರ್ಲಿ" ಎಂದ. ನಿರ್ದೇಶಕಿ ಸೀರೆಯವಳನ್ನು ನೋಡಿದರು. ಸೀರೆಯವಳು ಕೈ ತೊಡೆಯ ಮೇಲಿಟ್ಟುಕೊಂಡು ಮೇಜಿನ ತುದಿಯಲ್ಲಿದ್ದ ಅವಳ ಕಡೆ ನೋಡಿದಳು.

ಅವಳು ನನ್ನ ಕಡೆ ತಿರುಗಿ ಕನ್ನಡದಲ್ಲೇ ಹೇಳಿದಳು. "ಹೌದ್. ಸೀದ್ ಹೋಯ್ತ್. ನಾ ತಲೆ ಬಾಚ್ತಿದ್ದೆ. ಗ್ಯಾಸ್ ಬಂದ್ ಮಾಡ್ದೆ, ಕಿಟಕಿ ತೆಗ್ದೆ, ಪಾತ್ರೆ ನೆನೆ ಹಾಕ್ದೆ. ಕೆಳ್ಗ್ ಹೋಯಿ ಬೇರೆ ಹಾಲ್ ತಂದೆ. ಬಸ್ಸಿಗ್ ತಡ ಆಯ್ಲಿಲ್ಲ." ಅಣ್ಣ ಅದನ್ನು ನಿರ್ದೇಶಕಿಗೆ ತಮಿಳಿನಲ್ಲಿ ಹೇಳಿದ. ಹೇಳುತ್ತ ಹೇಳುತ್ತ ಅವನ ಮುಖಕ್ಕೆ ಕಳೆ ಬಂತು.

ಅವಳಿಗೆ ಇನ್ನೂ ಕೇಳುವುದಿತ್ತು. "ಅಕ್ಕಾ, ನಾ ಯಾರಿಗೂ ಹೇಳ್ಲಿಲ್ಲ. ನಿಮ್ಗ್ ಹ್ಯಾಂಗ್ ಗೊತ್ತಾಯ್ತ್?"

ಸುಳ್ಳು ಹೇಳೋಣವೆಂದರೆ ಒಂದೂ ಹೊಳೆಯಲಿಲ್ಲ. "ಬಂದಿದ್ದೆ ಕಣೆ. ಬಾಗಿಲ ಹೊರಗೆ ನಿಂತಿದ್ದೆ."

"ಬೆಲ್ ಎಂತಕ್ಕೆ ಒತ್ತಲಿಲ್ಲ?"

ಒತ್ತಿದ್ದರೆ ಬಾಗಿಲು ತೆಗೀತಿದ್ದೆಯಾ ಅಂತ ತಿರುಗಿಸಿ ಕೇಳಿದೆ. ಅವಳು ಯೋಚನೆ ಮಾಡಿದಳು.

"ತೆಗೀತಿರ್ಲಿಲ್ಲ" ಅಂದಳು. "ತೆಗ್ದ್ರೆ ನೀವ್ ಒಳ್ಗ್ ಬಂದ್ ಪಾತ್ರೆ ತೊಳ್ದ್ ಬಿಡ್ತಿದ್ರಿ. ಆಮೇಲೆ ಅದ್ ನಿಮ್ಮನೆ ಆಯ್ತಿತ್ತ್."

ಅಣ್ಣ ಜೋರಾಗಿ ನಕ್ಕು, ಅದನ್ನೆಲ್ಲ ತಮಿಳಿನಲ್ಲಿ ಹೇಳಿ, ಮನೆ ಅವಳದೇ ಇರಲಿ ಎಂದು ಕಾಗದ ಎಳೆದುಕೊಂಡು ಸಹಿ ಹಾಕಿದ. ನಿರ್ದೇಶಕಿ ಹಾಕಿದರು, ಸೀರೆಯವಳು ಹಾಕಿದಳು. ಕಾಗದ ನನ್ನ ಮುಂದೆ ಬಂದಾಗ ನಾನೂ ಹಾಕಿದೆ.

ಅಲ್ಲಿದ್ದವರೆಲ್ಲ ಅವಳು ನನ್ನ ತಪ್ಪನ್ನು ಎತ್ತಿ ಆಡಿದಳು ಅಂದುಕೊಂಡರು. ನನಗೆ ಮಾತ್ರ ಗೊತ್ತಿತ್ತು. ಆ ಬೆಳಗ್ಗೆ ಬಾಗಿಲಾಚೆ ನಿಂತವಳು ಒಂದು ಪಾತ್ರೆ ತೊಳೆದುಕೊಡುವಷ್ಟು ಒಳ್ಳೆಯವಳು ಅಂತ ಅವಳು ಇನ್ನೂ ನಂಬಿದ್ದಳು.