ಎಲ್ಲೂ ಬಾಗದ ಗಾಡಿ

ಸ್ನೇಹಿತರೇ, ಕ್ಯಾರವಾನ್, ಅಂದರೆ ಒಳಗೇ ಹಾಸಿಗೆ ಇರುವ ಪ್ರವಾಸದ ವ್ಯಾನು, ಕೊಳ್ಳುವವರಿದ್ದರೆ ಮೊದಲು ನನ್ನನ್ನು ಕೇಳಿ. "ಸಣ್ಣದು ಸಾಕ್ರಿ" ಎಂದು ನಾನು ಬಡಿದುಕೊಂಡರೂ, ಕಾಲು ಚಾಚಿ ಮಲಗಬೇಕೆಂದು ನಮ್ಮ ಮನೆಯವರು ಬಸ್ಸಿನಷ್ಟು ಉದ್ದದ್ದನ್ನೇ ಕೊಂಡರು. ಇವತ್ತು ಅದರಲ್ಲಿ ಹಾನಗಲ್ ಹತ್ತಿರದ ಮಾವಿನ ತೋಟದ ಕ್ಯಾಂಪಿಗೆ ಹೊರಟೆವು. ತೋಟದ ಗೌಡರು ಫೋನಿನಲ್ಲಿ, "ಎರಡ್ ಟ್ರೇಲರ್ ಕಟ್ಟಿದ ಕಬ್ಬಿನ ಟ್ರ್ಯಾಕ್ಟರ್ ಬರ್ತೈತ್ರಿ, ನಿಮ್ಮದೇನ್ ಮಹಾ" ಎಂದಿದ್ದರು.

ಊರ ಅಗಸಿ ಬಾಗಿಲು ದಾಟಿದ ಮೊದಲ ತಿರುವಿನಲ್ಲೇ ಗಾಡಿ ಸಿಕ್ಕಿಕೊಂಡಿತು. ಮೂತಿ ಒಂದು ಮನೆಯ ಕಟ್ಟೆಗೆ, ಬಾಲ ಇನ್ನೊಂದು ಮನೆಯ ಗೋಡೆಗೆ.

ಗೌಡರು ಬಂದು ನೋಡಿ, "ನಮ್ಮ ಟ್ರ್ಯಾಕ್ಟರ್ ಇದಕ್ಕಿಂತ ಉದ್ದ ಐತ್ರಿ. ನಿಮಗ ಹೊಡಿಯಾಕ ಬರಂಗಿಲ್ಲ" ಎಂದರು.

"ನಿಮ್ಮ ರಸ್ತೇನ ಸರಿ ಇಲ್ಲ" ಎಂದರು ನಮ್ಮವರು.

"ಟ್ರ್ಯಾಕ್ಟರ್ ಟ್ರೇಲರ್ ಕಟ್ಟಿದಲ್ಲೆ ಬಾಗತೈತ್ರಿ, ಇದು ಬಾಗಂಗಿಲ್ಲ" ಎಂದು ನಾನು ಹೇಳಿದ್ದು ಇಬ್ಬರಿಗೂ ಕೇಳಿಸಲಿಲ್ಲ.

ಹಿಂದಕ್ಕೆ ತೆಗೆಯುವಷ್ಟರಲ್ಲಿ ಸಂಜೆಯಾಯಿತು. ಈಗ ಶಿಗ್ಗಾಂವದ ಹೈವೇ ಪಕ್ಕ, ಪೆಟ್ರೋಲ್ ಪಂಪಿನಲ್ಲಿ ಲಾರಿಗಳ ನಡುವೆ ನಿಂತಿದ್ದೇವೆ. ನಮ್ಮವರು ಕಾಲು ಚಾಚಿ ಗೊರಕೆ ಹೊಡೆಯುತ್ತಿದ್ದಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಹೇಳಿದ್ದಾರೆ. ರಸ್ತೆ ಇದ್ದಷ್ಟು ಹಾಸಿಗೆ ಹಾಸು ಅಂತಲೂ ಒಂದು ಮಾತು ಹೇಳಿ ಹೋಗಬೇಕಿತ್ತು.